ಮೇಜಿನ ಮೇಲೆ ಎರಡು ಡಬ್ಬಿ

ಗೇಲನ್ ಟ್ವೈಟ್ ಪೂರ್ವ ಮಾಂಟಾನಾದ ಬಯಲಿನಲ್ಲಿ ಗ್ರೇಡರ್ ಯಂತ್ರ ಓಡಿಸಿ ಮಣ್ಣುರಸ್ತೆ ಸಮಮಾಡುವವನು. ಅದು ಹೊಟ್ಟೆಪಾಡು. ಜೀವ ಮಾತ್ರ ಗ್ಯಾರೇಜಿನ ಮೂಲೆಯ ಮೇಜಿನ ಮೇಲೆ. ಬಂದೂಕಿನ ತೋಟಾಗಳಿಗೆ ಸಿಡಿಮದ್ದು, ಗುಂಡು ಎಲ್ಲ ಅಲ್ಲಿ ತಾನೇ ತುಂಬುತ್ತಿದ್ದ. ಅಂಗಡಿಯ ತೋಟಾ ಅವನಿಗೆ ಪರರ ಎಂಜಲು. ಯಾರೇ ಕಲಿಯಲು ಬಂದರೂ ಮೊದಲ ಪಾಠ ಒಂದೇ: "ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು ಇರ್ಬೇಕು. ಎರಡನೇದು ಬಂತೋ, ಸಾವಿಗೆ ಕುರ್ಚಿ ಹಾಕಿಕೊಟ್ಟ ಹಾಗೆ."

ಆ ವರ್ಷ ಅವನಿಗೆ ದೂರಕ್ಕೆ ಹೊಡೆಯುವ ಗುಂಡಿನ ಹುಚ್ಚು ಹಿಡಿಯಿತು. ಹೆಂಡತಿ ಆರ್ಡಿಸ್ ಹೆಸರಾದ ಗುರಿಗಾರ್ತಿ. ಅವಳದು ಯಾವಾಗಲೂ ಒಂದೇ ಈಡು. ಎರಡನೆಯದು ಕೇಳಿದವರೇ ಇಲ್ಲ. ಆದರೆ ತೆವಳಿಕೊಂಡು ಹತ್ತಿರ ಹೋಗಿ ಹೊಡೆಯುವವಳು, ಈಗ ಮಂಡಿ ಸವೆದಿತ್ತು. ಕೂತಲ್ಲಿಂದಲೇ ಎದುರು ಗುಡ್ಡದ ಜಿಂಕೆಗೆ ಹೊಡೆಯಲಿ ಎಂದು ಗೇಲನ್ ಬೇಸಿಗೆಯೆಲ್ಲ ಗುಂಡು ಆರಿಸಿದ. ಉದ್ದನೆಯ ಚೂಪು ಗುಂಡು ಗಾಳಿಗೆ ಜಗ್ಗುವುದಿಲ್ಲ, ನಿಜ. ಆದರೆ ಅದರ ತಾಮ್ರದ ಹೊದಿಕೆ ದಪ್ಪವಾದರೆ ದೂರದಲ್ಲಿ ವೇಗ ಸತ್ತ ಮೇಲೆ ಅರಳದೆ ತೂರಿಹೋಗುತ್ತದೆ, ಜಿಂಕೆ ಎಲ್ಲೋ ನರಳಿ ಸಾಯುತ್ತದೆ. ತೆಳುವಾದರೆ ಹತ್ತಿರದ ಪ್ರಾಣಿಯ ಭುಜದಲ್ಲೇ ಚೂರಾಗಿ ಮಾಂಸವೆಲ್ಲ ಹಾಳು.

"ಹತ್ರ ಹೋದ್ರೆ ಯಾವ ಗುಂಡಾದ್ರೂ ಆಗತ್ತೆ ಮಾರಾಯ," ಅಂದಳು ಆರ್ಡಿಸ್.

"ನಿನ್ನ ಮಂಡಿ ಕಟಕಟ ಅನ್ನೋದು ಜಿಂಕೆಗೂ ಕೇಳಿಸತ್ತೆ ಕಣೆ."

"ಆಯ್ತಪ್ಪ, ಗುಂಡಿನ ಪಂಡಿತ. ನೀನು ತುಂಬಿಕೊಟ್ಟಿದ್ದನ್ನ ನಾನು ಯಾವತ್ತಾದ್ರೂ ತಿರುಗಿಸಿ ನೋಡಿದೀನಾ?"

ಕೊನೆಗೂ ತೆಳು ಹೊದಿಕೆಯ ಉದ್ದ ಗುಂಡೇ ಗೆದ್ದಿತು. ಬೇಟೆಯ ಋತುವಿನ ಮೊದಲ ದಿನ ಹಿಮ ಬಿದ್ದಿತ್ತು. ಗೇಲನ್ ರಸ್ತೆಯ ಹಿಮ ಸರಿಸಲು ಹೋದ, ಆರ್ಡಿಸ್ ಹೊಸ ತೋಟಾ ಜೇಬಿಗೆ ಹಾಕಿಕೊಂಡು ಒಬ್ಬಳೇ ಕೊರಕಲುಗಳ ಕಡೆ ಹೋದಳು.

ಕೆಲಸ ಮುಗಿಸಿ ಬಂದವನು ಇನ್ನಷ್ಟು ತೋಟಾ ತುಂಬೋಣವೆಂದು ಮದ್ದಿನ ಡಬ್ಬಿ ತೆರೆದ. ಕಡ್ಡಿಚೂರಿನಂಥ ಮದ್ದಿನ ನಡುವೆ ರಾಗಿಯಂಥ ಸಣ್ಣ ಕಾಳುಗಳು. ಅದು ಅವನ ಪಿಸ್ತೂಲಿನ ಮದ್ದು. ಬೇಸಿಗೆಯಲ್ಲಿ ಗುಂಡು ಹೋಲಿಸುವ ಗಡಿಬಿಡಿಯಲ್ಲಿ ಎರಡೂ ಡಬ್ಬಿ ಮೇಜಿನ ಮೇಲೇ ಇದ್ದವು. ಮದ್ದು ಅಳೆಯುವ ಕೊಳವೆಯಲ್ಲಿ ಉಳಿದದ್ದನ್ನು ಯಾವ ಡಬ್ಬಿಗೆ ಸುರಿದನೋ ನೋಡಿರಲೇ ಇಲ್ಲ. ಆಮೇಲೆ ಅದೇ ಡಬ್ಬಿಯಿಂದ ಅವಳ ತೋಟಾ ತುಂಬಿದ್ದ. ಮೆಲ್ಲಗೆ ಉರಿಯಬೇಕಾದ ಮದ್ದಿನಲ್ಲಿ ಭಗ್ಗನೆ ಉರಿಯುವುದು ಬೆರೆತರೆ ಬಂದೂಕು ಕೆನ್ನೆಯ ಪಕ್ಕದಲ್ಲೇ ಸಿಡಿಯುತ್ತದೆ. ಊರಿಗೆಲ್ಲ ಪಾಠ ಹೇಳಿದ ಮಹಾನುಭಾವ ಮನೆಯವಳ ಕೈಗೇ ಸಾವನ್ನು ಕೊಟ್ಟು ಕಳಿಸಿದ್ದ.

ಕೊರಕಲುಗಳಲ್ಲಿ ಫೋನು ಸಿಗುವುದಿಲ್ಲ. ಗೇಲನ್ ಗಾಡಿ ಓಡಿಸಿದ ರೀತಿಗೆ ತಾನೇ ಹಿಮ ಸರಿಸಿದ ರಸ್ತೆಯಲ್ಲಿ ಅದು ಎರಡು ಸಲ ಜಾರಿ ಅಡ್ಡ ತಿರುಗಿತು. ಬೇಲಿಯ ಗೇಟಿನ ಹತ್ತಿರ ಅವಳ ಪಿಕಪ್ ನಿಂತಿತ್ತು. ಹಿಮದ ಮೇಲೆ ಅವಳ ಹೆಜ್ಜೆ ಹಿಡಿದು ಗುಡ್ಡ ಹತ್ತತೊಡಗಿದ. ಅರ್ಧ ಹತ್ತಿರಲಿಲ್ಲ, ಆಚೆಯಿಂದ ಈಡಿನ ಸದ್ದು ಕೇಳಿತು.

ಆಮೇಲೆ ಏನೂ ಇಲ್ಲ.

ಗೇಲನ್‌ನ ಹೆಜ್ಜೆ ನಿಂತಿತು. ಅವಳ ಬೇಟೆ ಯಾವಾಗಲೂ ಹೀಗೇ, ಒಂದೇ ಈಡು, ಆಮೇಲೆ ಮೌನ. ಬಂದೂಕು ಸಿಡಿದರೂ ಹೀಗೇ ಅಲ್ಲವೇ? ಎರಡನೆಯ ಸದ್ದು ಕೇಳಿದರೆ ಅವಳು ಬದುಕಿದ್ದಾಳೆಂದು ಅರ್ಥ. "ದೇವರೇ, ಇನ್ನೊಂದು. ಆರ್ಡಿಸ್, ಇನ್ನೊಂದು ಹೊಡಿಯೇ, ನಿನ್ನ ಕಾಲು ಹಿಡೀತೀನಿ," ಎನ್ನುತ್ತ ಏಳುತ್ತ ಬೀಳುತ್ತ ಹತ್ತಿದ.

ದಿಬ್ಬದ ಮೇಲೆ ಆರ್ಡಿಸ್ ಹಿಮದಲ್ಲಿ ಕೂತು ಬಂದೂಕಿನ ಬೋಲ್ಟನ್ನು, ತೋಟಾ ಹಾಕಿ ತೆಗೆಯುವ ಹಿಡಿಕೆಯನ್ನು, ಬೂಟುಗಾಲಿನಿಂದ ಒದೆಯುತ್ತಿದ್ದಳು. ಕೆನ್ನೆಯ ಮೇಲೆ ಮಸಿ, ಮಸಿಯ ನಡುವೆ ಸಣ್ಣ ರಕ್ತದ ಗೆರೆ.

"ಬಂದ್ಯಾ? ಒಳ್ಳೇದಾಯ್ತು, ಎಳಿ ಇದನ್ನ. ಎಂಥಾ ಗುಂಡು ಮಾರಾಯ ನಿನ್ನದು! ಎಲ್ಲೋ ಹೋಯ್ತು. ಜಿಂಕೆ ಆಗ್ಲಿಂದ ಅಲ್ಲೇ ನಿಂತು ನನ್ನ ಮುಖಾನೇ ನೋಡ್ತಿದೆ. ಇನ್ನೊಂದು ಹೊಡೆಯೋಣ ಅಂದ್ರೆ ಬೋಲ್ಟ್ ಕಚ್ಕೊಂಡು ಕೂತಿದೆ."

ಗೇಲನ್ ಬಂದೂಕನ್ನು ಕಿತ್ತುಕೊಂಡು ದೂರ ಇಟ್ಟು ಅವಳ ಮುಂದೆ ಕೂತ. ಮದ್ದು ಬೆರೆತಿದ್ದನ್ನು, ಅದರ ಒತ್ತಡಕ್ಕೇ ಬೋಲ್ಟ್ ಕಚ್ಚಿಕೊಂಡಿದ್ದನ್ನು ಹೇಳಿದ. ಮುಂದಿನ ತೋಟಾದಲ್ಲಿ ಆ ಸಣ್ಣ ಕಾಳು ಇನ್ನೆಷ್ಟು ಸೇರಿತ್ತೋ ಬಲ್ಲವರಿಲ್ಲ ಎಂದ. ತಾನು ದಾರಿಯುದ್ದಕ್ಕೂ ದೇವರಲ್ಲಿ ಬೇಡಿದ್ದು ಆ ಎರಡನೆಯ ಈಡನ್ನೇ ಎಂಬುದನ್ನು ಮಾತ್ರ ಹೇಳಲಿಲ್ಲ.

ಆರ್ಡಿಸ್ ಜೇಬಿನಲ್ಲಿ ಉಳಿದ ತೋಟಾಗಳನ್ನು ತೆಗೆದು ಅವನ ಅಂಗೈಗೆ ಹಾಕಿದಳು. ಅವು ಅವನ ಬೆರಳ ಸಂದಿಯಿಂದ ಜಾರಿ ಹಿಮದಲ್ಲಿ ಚೆಲ್ಲಿದವು. ಇಬ್ಬರೂ ಮಂಡಿಯೂರಿ ತಡಕಿ ಹೆಕ್ಕಿದರು. ಅವಳು ಒಂದನ್ನು ಬೆಳಕಿಗೆ ಹಿಡಿದು, ಮೊದಲ ಸಲ, ತಿರುಗಿಸಿ ತಿರುಗಿಸಿ ನೋಡಿದಳು.

"ಇನ್ಮೇಲೆ ನಂದು ನಾನೇ ತುಂಬ್ಕೋತೀನಿ, ಗೇಲನ್."

"ಹೂಂ," ಅಂದ ಗೇಲನ್.