ಟ್ರೇ ಹಿಡಿದು ಐದು ಮೆಟ್ಟಿಲು

ಆ ಶನಿವಾರ ಬೆಳಿಗ್ಗೆ ಲೀಡ್ಸ್‌ನಲ್ಲಿ ರೈಲು ಹತ್ತಿದಾಗ ನನ್ನ ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಅದನ್ನು ಅಪ್‌ಗ್ರೇಡ್ ಎನ್ನುತ್ತಿದ್ದರು. ಪಿಎಚ್‌ಡಿಗೆಂದು ಬಂದವರನ್ನು ಮೊದಲ ವರ್ಷದ ಕೊನೆಯಲ್ಲಿ ಇಬ್ಬರು ಅಧ್ಯಾಪಕರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಒಪ್ಪಿದರೆ ವಿದ್ಯಾರ್ಥಿವೇತನವೂ ವೀಸಾವೂ ಮುಂದುವರಿಯುತ್ತವೆ. ಒಪ್ಪದಿದ್ದರೆ ಬರೆದಷ್ಟಕ್ಕೆ ಒಂದು ಸಣ್ಣ ಪದವಿ ಕೊಟ್ಟು ಊರಿಗೆ ಕಳಿಸುತ್ತಾರೆ. ಹಿಂದಿನ ವರ್ಷ ಹಾಗೆ ಹೋದವನೊಬ್ಬನ ಮಗ್ಗು ಸಂಶೋಧನಾ ವಿದ್ಯಾರ್ಥಿಗಳಾದ ನಾವು ಕೂರುವ ಕೋಣೆಯಲ್ಲಿ, ಅವನ ಮೇಜಿನ ಮೇಲೆ, ಇನ್ನೂ ಇತ್ತು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ನನ್ನ ವಿಷಯ ಒಬ್ಬ ನಟ. ಹಾಲಿವುಡ್‌ನ ಹಳೆಯ ಕಪ್ಪು ಬಿಳುಪು ಚಿತ್ರಗಳಲ್ಲಿ ಅವನು ಇನ್ನೂರಕ್ಕೂ ಹೆಚ್ಚು ಸಲ ಕಾಣಿಸಿಕೊಂಡಿದ್ದ. ಒಂದರಲ್ಲೂ ನಾಯಕನಲ್ಲ, ಖಳನೂ ಅಲ್ಲ. ಹೋಟೆಲಿನ ಗುಮಾಸ್ತ, ಟ್ಯಾಕ್ಸಿ ಚಾಲಕ, ತಂತಿ ಕಚೇರಿಯವನು, ನ್ಯಾಯಾಧೀಶ, ಬಾರಿನ ಹಿಂದೆ ಗ್ಲಾಸು ಒರೆಸುವವನು. ಒಂದೇ ವಾರದಲ್ಲಿ ಎರಡು ಮೂರು ಚಿತ್ರಗಳಿಗೆ ಹೋಗಿ, ತನ್ನ ನಾಲ್ಕು ಮಾತು ಹೇಳಿ, ಮೊದಲ ಟೇಕಿನಲ್ಲೇ ಮುಗಿಸಿ ಮನೆಗೆ ಹೋಗುತ್ತಿದ್ದವನು. ಲೀಡ್ಸ್‌ನ ಹೆಡಿಂಗ್ಲೀಯಲ್ಲಿ ಗೆಳತಿಯರೊಡನೆ ಬಾಡಿಗೆಗಿದ್ದ ಮನೆಯಲ್ಲಿ, ನಾನು ಬಂದ ಹೊಸದರಲ್ಲಿ, ಮಧ್ಯಾಹ್ನದ ಟಿವಿಯಲ್ಲಿ ಒಂದೇ ವಾರ ಮೂರು ಚಿತ್ರಗಳಲ್ಲಿ ಅವನ ಮುಖ ಕಂಡಿತು. ಜೊತೆಗೆ ನೋಡುತ್ತಿದ್ದ ಗೆಳತಿಯರಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ. ಅಷ್ಟು ವರ್ಷ ಎಲ್ಲರ ಕಣ್ಣೆದುರು ಇದ್ದೂ ಯಾರ ಗಮನಕ್ಕೂ ಬಾರದೆ ಇರುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಅದರಲ್ಲಿ ನನ್ನ ಸ್ವಭಾವದ ಪಾಲೂ ಇದ್ದಿರಬಹುದು.

ನಾನು ಸಲ್ಲಿಸಿದ್ದ ಅಧ್ಯಾಯದ ವಾದ ಸರಳವಾಗಿತ್ತು. ಮೊದಲ ಹತ್ತು ವರ್ಷ ಅವನು ಓಡುತ್ತಾನೆ, ಏಣಿ ಹತ್ತುತ್ತಾನೆ, ಬಾಗಿಲು ತಳ್ಳಿಕೊಂಡು ಬರುತ್ತಾನೆ. ಆಮೇಲೆ ನಿಲ್ಲುತ್ತಾನೆ. ತಾನು ಅಲುಗದೆ ಚಿತ್ರವೇ ತನ್ನ ಸುತ್ತ ಅಲುಗುವಂತೆ ಮಾಡುತ್ತಾನೆ. ಇದು ಅವನು ಕಂಡುಕೊಂಡ ನಿಶ್ಚಲತೆಯ ಕಲೆ ಎಂದು ಬರೆದಿದ್ದೆ. ಅದಕ್ಕೆ ಮುಖ್ಯ ಸಾಕ್ಷಿ ಒಂದು ದೃಶ್ಯ: ಬಟ್ಲರ್ ಆಗಿ, ಎರಡೂ ಕೈಯಲ್ಲಿ ಟ್ರೇ ಹಿಡಿದು, ಅವನು ಐದು ಮೆಟ್ಟಿಲು ಇಳಿಯುತ್ತಾನೆ. ಪ್ರತಿ ಮೆಟ್ಟಿಲಿನಲ್ಲಿ ಅರೆಕ್ಷಣ ತಡೆಯುತ್ತಾನೆ. ಆ ತಡೆಯ ಬಗ್ಗೆಯೇ ಎರಡು ಪುಟ ಬರೆದಿದ್ದೆ. ನನ್ನ ಮಾರ್ಗದರ್ಶಕರು ಆ ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ, ಇದೇ ಈ ಪ್ರಬಂಧದ ಬೆನ್ನೆಲುಬು ಎಂದಿದ್ದರು.

ಶನಿವಾರಗಳಂದು ನಾನು ಸ್ಟಾಕ್‌ಪೋರ್ಟ್‌ಗೆ ಹೋಗುತ್ತಿದ್ದೆ. ಅಲ್ಲಿ ಧಾರವಾಡದ ಕಡೆಯ ಒಂದು ಕುಟುಂಬವಿತ್ತು. ಗಂಡ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು, ಪಾಳಿಗಳ ಕಾರಣ ಮನೆಯಲ್ಲಿ ಕಾಣಿಸಿದ್ದೇ ಕಡಿಮೆ. ಹೆಂಡತಿ ಫಿಸಿಯೋಥೆರಪಿಸ್ಟ್. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರ ಇಬ್ಬರು ಹೆಣ್ಣುಮಕ್ಕಳಿಗೆ ಬೆಳಿಗ್ಗೆ ಕನ್ನಡ ಅಕ್ಷರ ಕಲಿಸಿದರೆ, ಮಧ್ಯಾಹ್ನ ಅವರ ವಿಸಿಆರ್ ನನ್ನದು. ಒಂದು ಗುಂಡಿ ತಿರುಗಿಸಿದರೆ ಚಿತ್ರವನ್ನು ಒಂದೊಂದೇ ಚೌಕಟ್ಟಾಗಿ ಮುಂದೆ ಹಿಂದೆ ಒಯ್ಯುವ ಯಂತ್ರ ಅದು.

ಆ ದಿನ ಅಕ್ಕ ಸೋಫಾದ ಹಿಂದೆ ಇಸ್ತ್ರಿ ಮಾಡುತ್ತಿದ್ದರು. ನಾನು ನೆಲದ ಮೇಲೆ ಕುಳಿತು ಮೆಟ್ಟಿಲಿನ ದೃಶ್ಯವನ್ನು ಮತ್ತೆ ಮತ್ತೆ ನೋಡುತ್ತಿದ್ದೆ, ಪರೀಕ್ಷೆಯಲ್ಲಿ ತೋರಿಸುವುದಿತ್ತು.

“ಮಮ್, ಟ್ರೇ ಅಂಕಲ್ ಅಗೇನ್!” ಎಂದಳು ದೊಡ್ಡ ಮಗಳು.

“ಇರಲಿ ಬಿಡ, ನಿನ್ನ ಕಾರ್ಟೂನಿಗಿಂತ ಛೊಲೋ ಅದಾನ” ಎಂದರು ಅಕ್ಕ. ನಾನು ಮೂರನೆಯ ಸಲ ಹಿಂದಕ್ಕೆ ತಿರುಗಿಸಿದಾಗ ಇಸ್ತ್ರಿಯ ಸದ್ದು ನಿಂತಿತು.

“ತಂಗಿ, ಅದನ್ನ ಇನ್ನೊಮ್ಮಿ ಹಾಕು.”

ಹಾಕಿದೆ.

“ಎಷ್ಟು ವಯಸ್ಸು ಅಂವಂಗ ಇದರಾಗ?”

“ನಲವತ್ತಾರೋ ಏಳೋ, ಅಕ್ಕ.”

“ಬಲಗಡೆ ಹಿಪ್ಪಿನ ಕೀಲು ಹೋಗೇತಿ.”

“ಇಲ್ಲ ಅಕ್ಕ, ಅದು ಬಟ್ಲರ್ ಪಾತ್ರ. ಬೇಕು ಅಂತಲೇ ನಿಧಾನವಾಗಿ ಇಳೀತಾನೆ. ನಾನು ಬರೆದಿರೋದೇ ಅದರ ಬಗ್ಗೆ.”

“ಬರದೀ ಖರೆ. ಕಾಲು ನೋಡೀಯೇನು?”

ಅಕ್ಕ ಆಗಷ್ಟೇ ಇಸ್ತ್ರಿ ಮಾಡಿದ್ದ ದಿಂಬಿನ ಗವಸೊಂದನ್ನು ತಂದು ಟಿವಿಯ ಮೇಲಿಂದ ಇಳಿಬಿಟ್ಟರು. ಅದು ಜಾರದಂತೆ ನಾನು ತಂದಿದ್ದ ಇನ್ನೊಂದು ಕ್ಯಾಸೆಟ್ಟನ್ನು ಮೇಲೆ ತೂಕಕ್ಕೆ ಇಟ್ಟರು. ಪರದೆಯ ಮೇಲರ್ಧ ಮುಚ್ಚಿಹೋಯಿತು. ಮುಖ ಇಲ್ಲ, ಟ್ರೇ ಇಲ್ಲ. ಉಳಿದದ್ದು ಒಂದು ಜೊತೆ ಕಾಲು ಮಾತ್ರ.

ಬಲಗಾಲು ಕೆಳಗಿನ ಮೆಟ್ಟಿಲಿಗೆ ಇಳಿಯಿತು. ಎಡಗಾಲು ಬಂದು ಅದೇ ಮೆಟ್ಟಿಲಿನಲ್ಲಿ ಅದರ ಪಕ್ಕ ನಿಂತಿತು. ಮತ್ತೆ ಬಲಗಾಲು. ಮತ್ತೆ ಎಡಗಾಲು ಅದರ ಪಕ್ಕ. ಐದು ಮೆಟ್ಟಿಲಿನಲ್ಲಿ ಒಮ್ಮೆಯೂ ಎಡಗಾಲು ಮೊದಲು ಇಳಿಯಲಿಲ್ಲ.

“ವಾರ್ಡಿನ್ಯಾಗ ನಾ ದಿನಾ ಹೇಳಿಕೊಡೋದ ಇದನ್ನ. ಹತ್ತೂ ಮುಂದ ಛೊಲೋ ಕಾಲು ಮೊದಲ, ಇಳಿಯೂ ಮುಂದ ನೋಯೋ ಕಾಲು ಮೊದಲ. ಇವಂಗ ಯಾರೂ ಹೇಳಿಕೊಟ್ಟಿಲ್ಲ. ನೋವ ಕಲಿಸೇತಿ.” ಆಮೇಲೆ ನನ್ನ ಮುಖ ನೋಡಿ ನಕ್ಕರು. “ವರ್ಷಪೂರ್ತಿ ಇವನ ಮಾರಿ ನೋಡಿ, ಕುಂಟತಾನಂತ ಗೊತ್ತಾಗಲಿಲ್ಲೇನವಾ? ನಿನ್ನ ಲಗ್ನದಾಗ ನನ್ನ ಕರಕೊಂಡು ಹೋಗು. ಹುಡುಗನ್ನ ನಾ ಮೊದಲ ನಡಸಿ ನೋಡ್ತೀನಿ.”

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. “ಅವನು ಕುಂಟ್ತಾ ಇಲ್ಲ” ಎಂದೆ, ಬೇಕಾದದ್ದಕ್ಕಿಂತ ಗಟ್ಟಿಯಾಗಿ.

“ಅದನ್ನ ಹೇಳಾಕತ್ತೇನಿ. ಕುಂಟೋದು ಕಾಣಬಾರದಂತ ನಿಲ್ಲಾಕತ್ತಾನ.” ಅಕ್ಕ ಗವಸು ತೆಗೆದು ಮಡಿಸಿದರು. ಅವರ ದನಿ ತಗ್ಗಿತ್ತು. “ಸ್ಟುಡಿಯೋದವರಿಗೆ ಗೊತ್ತಾಗಿದ್ರ ಮರುದಿನ ಇನ್ನೊಬ್ಬನ್ನ ಕರೀತಿದ್ರು. ಇಂವಾ ನನ್ನ ಪೇಷಂಟ್ ಆಗಿದ್ರ ನಾನೂ ಬಾಯಿ ಬಿಡ್ತಿದ್ದಿಲ್ಲ. ನಿನಗ ತ್ರಾಸ ಆಗೂದಾದ್ರ ಬಿಡು, ನಾ ಏನೂ ನೋಡಿಲ್ಲ.”

ಹೊರಡುವಾಗ ಬಾಗಿಲ ತನಕ ಬಂದರು. “ನಾಳೆ ಟಿವಿಡೇಲ್‌ನ ಬಾಲಾಜಿ ಗುಡಿಗೆ ಹೊಂಟೇವಿ. ನಿನ್ನ ಪರೀಕ್ಷಾ ಸಲುವಾಗಿ ಕೈ ಮುಗದು ಬರ್ತೀನಿ. ನಾವು ಶಿವನ ಮಂದಿ ಖರೆ, ಆದ್ರ ಅಲ್ಲಿ ಪಾರ್ಕಿಂಗ್ ಛೊಲೋ ಐತಿ.”

ರೈಲಿನಲ್ಲಿ ಅಕ್ಕ ಹೇಳಿದ್ದನ್ನು ತಳ್ಳಿಹಾಕಲು ಕಾರಣಗಳನ್ನು ಜೋಡಿಸಿದೆ. ಒಂದು ದೃಶ್ಯ, ಐದು ಮೆಟ್ಟಿಲು. ಬಟ್ಲರ್‌ಗಳು ಹಾಗೆಯೇ ಇಳಿಯಬಹುದು, ನಿರ್ದೇಶಕ ಹೇಳಿರಬಹುದು. ಮ್ಯಾಂಚೆಸ್ಟರ್‌ನ ಪಿಕಡಿಲಿ ನಿಲ್ದಾಣದಲ್ಲಿ ರೈಲು ಬದಲಿಸುವ ಹೊತ್ತಿಗೆ ಕಾರಣಗಳು ಗಟ್ಟಿಯಾಗಿದ್ದವು. ಕೋಣೆಗೆ ಬಂದು ಷೂ ಡಬ್ಬಿ ತೆರೆಯುವವರೆಗೆ ಮಾತ್ರ.

ಡಬ್ಬಿಯಲ್ಲಿ ನನ್ನ ಕಾರ್ಡುಗಳಿದ್ದವು. ನಾನು ನೋಡಿದ್ದ ಪ್ರತಿ ಚಿತ್ರಕ್ಕೆ ಒಂದು: ಅವನು ಬರುವ ಹೊತ್ತು, ಹೋಗುವ ಹೊತ್ತು, ಆಡಿದ ಮಾತು, ಕೈಯಲ್ಲಿದ್ದ ವಸ್ತು, ನಿಂತ ಜಾಗ. ಅಚ್ಚುಕಟ್ಟಾದ ಕೆಲಸ ಎಂದು ಒಳಗೊಳಗೇ ಹೆಮ್ಮೆ ಇತ್ತು. ಅವನ್ನು ವರ್ಷದ ಪ್ರಕಾರ ನೆಲದ ಮೇಲೆ ಹಾಸಿದೆ. ಮೊದಲ ಸಾಲುಗಳಲ್ಲಿ ಎರಡೂ ಕೈ, ಎಲ್ಲ ಬಗೆಯ ಓಡಾಟ. ನಡುವಿನಿಂದಾಚೆ ನನ್ನದೇ ಅಕ್ಷರದಲ್ಲಿ ಒಂದೇ ಮಾತು. ಎಡಗೈ ಕೌಂಟರಿನ ಮೇಲೆ. ಎಡಗೈ ಕುರ್ಚಿಯ ಬೆನ್ನಿನ ಮೇಲೆ. ಎಡಗೈ ಬಾಗಿಲ ಚೌಕಟ್ಟಿಗೆ. ಕುಳಿತಿದ್ದಾನೆ. ಕುಳಿತಿದ್ದಾನೆ. ಎಡಗೈ ರೈಲಿನ ಸೀಟಿನ ಮೇಲೆ.

ಅಕ್ಕನಿಗೆ ಫೋನು ಮಾಡಿ, ಬಲಗಡೆ ನೋವಿದ್ದವರು ಯಾವ ಕೈಗೆ ಕೋಲು ಹಿಡಿಯುತ್ತಾರೆ ಎಂದಷ್ಟೇ ಕೇಳಿದೆ.

“ಎಡಗೈಗೆ” ಎಂದರು ಅವರು. ಯಾಕೆ ಎಂದು ಕೇಳಲಿಲ್ಲ.

ಅಷ್ಟು ಸಲ ‘ಎಡಗೈ’ ಎಂದು ಬರೆದವಳು ಒಮ್ಮೆಯೂ ಯಾಕೆ ಎಂದು ಕೇಳಿಕೊಂಡಿರಲಿಲ್ಲ. ನಾನು ಕಲೆ ಎಂದು ಕರೆದದ್ದು ಒಬ್ಬ ಮನುಷ್ಯ ಕೈ ಊರಲು ಹುಡುಕಿಕೊಂಡ ಆಸರೆ.

ಮುಂದಿನ ದಿನಗಳಲ್ಲಿ ನಿದ್ದೆ ಸರಿಯಾಗಿ ಬರಲಿಲ್ಲ. ಅಧ್ಯಾಯ ಆಗಲೇ ಪರೀಕ್ಷಕರ ಕೈಯಲ್ಲಿತ್ತು. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಆ ನಟನ ಬಗ್ಗೆ ಸಂದರ್ಶನ ಇಲ್ಲ, ಪುಸ್ತಕ ಇಲ್ಲ. ಸತ್ತಾಗ ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲಿನಲ್ಲೂ ಕೊನೆಯವರೆಗೆ ಕೆಲಸ ಮಾಡಿದ ಎಂದಷ್ಟೇ ಇತ್ತು. ಹೊಟ್ಟೆಪಾಡಿಗಾಗಿ ಅವನು ಇಪ್ಪತ್ತು ವರ್ಷ ಮುಚ್ಚಿಟ್ಟದ್ದನ್ನು, ಅವನು ಕಾಣದ ದೇಶದ ಒಂದು ಕೋಣೆಯಲ್ಲಿ, ಅಪರಿಚಿತಳೊಬ್ಬಳು ತೆರೆದು ತೋರಿಸುವುದು ನನಗೆ ಸರಿಕಾಣಲಿಲ್ಲ. ನನ್ನ ವಿಷಯದಲ್ಲಿ ಯಾರಾದರೂ ಹಾಗೆ ಮಾಡಿದರೆ ನಾನು ಕ್ಷಮಿಸುತ್ತಿರಲಿಲ್ಲ. ಆದರೆ ಅವನ ಗುಟ್ಟು ಕಾಪಾಡುತ್ತಿದ್ದೇನೆ ಎಂದು ಹೇಳಿಕೊಂಡಾಗಲೆಲ್ಲ, ಕಾಪಾಡಲು ನೋಡುತ್ತಿದ್ದದ್ದು ನನ್ನ ಅಧ್ಯಾಯವನ್ನು ಎಂಬುದೂ ಗೊತ್ತಿತ್ತು.

ನಾಲ್ಕು ದಿನ ಮುಂಚೆ ಮಾರ್ಗದರ್ಶಕರನ್ನು ಕಂಡೆ. ಹೇಳಲೆಂದೇ ಹೋಗಿದ್ದೆ. ಅವರು ಚಹಾ ಕೊಟ್ಟು, “ಮೆಟ್ಟಿಲಿನ ದೃಶ್ಯದಿಂದಲೇ ಶುರುಮಾಡು. ಅದನ್ನು ನೋಡಿದ ಮೇಲೆ ಇನ್ನೊಬ್ಬ ಪರೀಕ್ಷಕರಿಗೆ ಕೇಳಲು ಏನೂ ಉಳಿಯುವುದಿಲ್ಲ” ಎಂದರು. ಚಹಾ ಕುಡಿದು, ಧನ್ಯವಾದ ಹೇಳಿ ಎದ್ದುಬಂದೆ.

ಪರೀಕ್ಷೆಯ ಬೆಳಿಗ್ಗೆ ಕ್ಯಾಸೆಟ್ಟಿನ ಜೊತೆ ನನ್ನ ದಿಂಬಿನ ಗವಸನ್ನೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಅದನ್ನು ಹೊರತೆಗೆಯುತ್ತೇನೆಂದು ಆಗಲೂ ತೀರ್ಮಾನಿಸಿರಲಿಲ್ಲ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತೆಗೆಯುವುದು ಬೇಡ ಎಂದು ಎರಡು ಸಲ ಅಂದುಕೊಂಡೆ.

ಕೋಣೆಯಲ್ಲಿ ಮಾರ್ಗದರ್ಶಕರಿದ್ದರು, ಇನ್ನೊಂದು ವಿಭಾಗದ ಅಧ್ಯಾಪಕಿಯಿದ್ದರು. ಆಕೆ ನಿಷ್ಠುರ ಎಂದು ಎಲ್ಲರೂ ಹೇಳುತ್ತಿದ್ದರು. ಮೂಲೆಯಲ್ಲಿ ಚಕ್ರದ ಮೇಜಿನ ಮೇಲೆ ಟಿವಿ. ನಾನು ದೃಶ್ಯ ತೋರಿಸಿದೆ, ಬರೆದುಕೊಂಡಿದ್ದನ್ನು ಓದಿದೆ. ಮಾರ್ಗದರ್ಶಕರು ತಲೆಯಾಡಿಸುತ್ತಿದ್ದರು. ಆಕೆ ನನ್ನ ಅಧ್ಯಾಯದ ಒಂದು ಪುಟ ಮಡಿಸಿಟ್ಟುಕೊಂಡಿದ್ದರು.

“ಪ್ರತಿ ಮೆಟ್ಟಿಲಿನಲ್ಲಿ ಅವನು ತಡೆಯುತ್ತಾನೆ ಎಂದಿದ್ದೀರಿ. ಅದು ನಿರ್ದೇಶಕನ ಸೂಚನೆಯೋ, ಅವನ ಆಯ್ಕೆಯೋ?”

ಅವನ ಆಯ್ಕೆ ಎಂದರೆ ಸಾಕಿತ್ತು. ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. “ಅವನ...” ಎಂದು ಶುರುಮಾಡಿದೆ. ಆಕೆ ಪೆನ್ನು ಎತ್ತಿಕೊಂಡರು, ನನ್ನ ಉತ್ತರ ಬರೆದುಕೊಳ್ಳಲು. ಅದನ್ನು ಕಂಡು ಮಾತು ಅಲ್ಲೇ ನಿಂತಿತು. ಎದ್ದು ಹೋಗಿ, ಚೀಲದಿಂದ ಗವಸು ತೆಗೆದು, ಟಿವಿಯ ಮೇಲಿಂದ ಇಳಿಬಿಟ್ಟೆ. ನೀಲಿ ಹೂವಿನ ಗವಸು, ಇಸ್ತ್ರಿ ಇಲ್ಲದ್ದು. ದೃಶ್ಯವನ್ನು ಮೊದಲಿಗೆ ತಿರುಗಿಸಿ ಮತ್ತೆ ಹಾಕಿದೆ.

ಕಾಲುಗಳು ಇಳಿದವು. ಬಲ, ಎಡ ಅದರ ಪಕ್ಕ. ಬಲ, ಎಡ ಅದರ ಪಕ್ಕ. ಮತ್ತೊಮ್ಮೆ ತೋರಿಸಿದೆ. ಆಮೇಲೆ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ಅವನ ಬಲಗಾಲಿನ ನೋವನ್ನೂ ಎಡಗೈಯ ಆಸರೆಗಳನ್ನೂ ವಿವರಿಸಿದೆ.

“ಹಾಗಾದರೆ ನಿಮ್ಮ ಅಧ್ಯಾಯ ತಪ್ಪು” ಎಂದರು ಆಕೆ.

“ಹೌದು.”

“ಇದು ನಿಮಗೆ ಯಾವಾಗ ತಿಳಿಯಿತು?”

“ಹನ್ನೊಂದು ದಿನದ ಹಿಂದೆ.”

ಮಾರ್ಗದರ್ಶಕರು ನನ್ನತ್ತ ನೋಡಲಿಲ್ಲ. ಅವರು ಕೊಟ್ಟ ಚಹಾ ನನಗೆ ನೆನಪಾಯಿತು.

ನನ್ನನ್ನು ಹೊರಗೆ ಕೂರಿಸಿದರು. ಕಾರಿಡಾರಿನಲ್ಲಿ ಒಂದೇ ಕುರ್ಚಿ ಇತ್ತು. ಒಳಗೆ ಮಾತು ಕೇಳಿಸುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ. ಗವಸು ಟಿವಿಯ ಮೇಲೇ ಉಳಿದಿದೆ ಎಂಬುದು ನೆನಪಾಗಿ ನಾಚಿಕೆಯಾಯಿತು. ಹೋದವನ ಮಗ್ಗಿನ ಪಕ್ಕ ನನ್ನದೂ ಒಂದು ವಸ್ತು ಉಳಿಯುತ್ತದೆ ಎಂದುಕೊಂಡೆ. ಅರ್ಧ ಗಂಟೆಯಾಗಿರಬೇಕು, ನಾನು ಗಡಿಯಾರ ನೋಡಲಿಲ್ಲ.

ಕರೆದಾಗ ಆಕೆಯೇ ಮಾತಾಡಿದರು. ತೇರ್ಗಡೆ ಮಾಡಿಲ್ಲ, ತಳ್ಳಿಯೂ ಹಾಕಿಲ್ಲ. ಮೂರು ತಿಂಗಳಲ್ಲಿ ಅಧ್ಯಾಯವನ್ನು ಹೊಸದಾಗಿ ಬರೆದು ಇದೇ ಕೋಣೆಗೆ ಬರಬೇಕು. ಅಲ್ಲಿಯವರೆಗೆ ವಿದ್ಯಾರ್ಥಿವೇತನ ನಡೆಯುತ್ತದೆ, ಆಮೇಲಿನದಕ್ಕೆ ಮಾತು ಕೊಡಲಾಗದು. “ಕಾರ್ಡುಗಳು ಚೆನ್ನಾಗಿವೆ. ಈ ಸಲ ಅವನ್ನು ಓದಿ” ಎಂದರು. ಮಡಿಸಿದ ಗವಸನ್ನು ನನ್ನ ಕೈಗೆ ಕೊಟ್ಟರು.

ಸಂಜೆ ಸ್ಟಾಕ್‌ಪೋರ್ಟ್‌ಗೆ ಫೋನು ಮಾಡಿದೆ.

“ಅಂವನ ಗುಟ್ಟು ಹೇಳಿಬಿಟ್ಟಿಯೇನು?” ಎಂದರು ಅಕ್ಕ.

“ಹೇಳಿಬಿಟ್ಟೆ.”

ಆ ಕಡೆ ಅವರು ಗಲಾಟೆ ಮಾಡುತ್ತಿದ್ದ ಮಕ್ಕಳನ್ನು ಗದರಿದರು. ಅಕ್ಕನಿಗೆ ಬೇಸರವಾಗಿದೆ ಅಂದುಕೊಂಡೆ.

“ಇಷ್ಟೆಲ್ಲಾ ಹೇಳೀದಿ. ಟ್ರೇ ಅಲುಗಲಿಲ್ಲ ಅನ್ನೋದನ್ನ ಹೇಳಿದ್ಯೋ ಇಲ್ಲೋ?”

ಹೇಳಿರಲಿಲ್ಲ. ರಿಸೀವರ್ ಇಟ್ಟು ಆ ಚಿತ್ರದ ಕಾರ್ಡು ತೆಗೆದೆ. ಕೈಯಲ್ಲಿದ್ದ ವಸ್ತು ಎಂಬಲ್ಲಿ ನಾನೇ ಬರೆದಿದ್ದೆ: ಟ್ರೇ, ನಾಲ್ಕು ಗ್ಲಾಸು, ಅಂಚಿನವರೆಗೆ ತುಂಬಿದ್ದು. ಅದರ ಕೆಳಗೆ ಉಳಿದಿದ್ದ ಜಾಗದಲ್ಲಿ, ಒಂದು ಹನಿಯೂ ಚೆಲ್ಲಲಿಲ್ಲ ಎಂದು ಬರೆದು, ಹೊಸ ಅಧ್ಯಾಯಕ್ಕೆ ಮೊದಲ ಹಾಳೆ ಎಳೆದುಕೊಂಡೆ.