ಗೋಪುರ ಬಿಚ್ಚಿದ ಸಂಜೆ

ಅವ್ವನ ಹೊಲಿಗೆ ಪೆಟ್ಟಿಗೆ ಶ್ರೀಗಂಧದ್ದು. ಮುಚ್ಚಳದ ತುಂಬ ಬಳ್ಳಿಯ ಕೆತ್ತನೆ, ಅಂಚಿಗೆ ದಂತದ ಪಟ್ಟಿ. ಒಳಗಿನ ಖಾನೆಗಳಲ್ಲಿ ದಾರ ಸುತ್ತುವ ದಂತದ ಕಡ್ಡಿಗಳು, ಸೂಜಿ ಇಡುವ ಕೊಳವೆ, ಬೆರಳತುದಿಗೆ ಹಾಕುವ ಬೆಳ್ಳಿಯ ಟೊಪ್ಪಿಗೆ. ಪರೇಲಿನ ಬಟ್ಟೆ ಗಿರಣಿಯಲ್ಲಿದ್ದ ಅಜ್ಜ ಇದನ್ನು ಹಳೇ ಬಜಾರಿನಿಂದ ತಂದರೆಂದು ಒಂದು ನೆನಪು; ಅಜ್ಜಿ ಕೆಲಸಕ್ಕಿದ್ದ ಮನೆಯವರು ಕೊಟ್ಟರೆಂದು ಇನ್ನೊಂದು. ಎರಡನ್ನೂ ನಾನು ನಂಬುವುದಿಲ್ಲ. ಮಲಾಡಿನ ನಮ್ಮ ಮನೆಯಲ್ಲಿ ಹೋದ ಮಳೆಗಾಲದಲ್ಲಿ ನಡೆದದ್ದನ್ನು ನಂಬುತ್ತೇನೆ, ಅದೂ ಪೂರ್ತಿಯಲ್ಲ.

ಅವ್ವನ ಕಣ್ಣು ಹೋಗುತ್ತಿತ್ತು. ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ನನ್ನ ಮಗಳ ಮದುವೆಗೆ ಕಪ್ಪು ಇಳಕಲ್ ಸೀರೆಯ ಮೇಲೆ ಗೋಪುರದ ಕಸೂತಿ ತಾನೇ ಹಾಕಬೇಕೆಂಬ ಹಟ ಮಾತ್ರ ಹೋಗಲಿಲ್ಲ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ, ಜಾಗ ಬಿಟ್ಟು ಬಿಟ್ಟು ಹೊಲಿಯುತ್ತ ಹೋಗಬೇಕು. ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ತಿರುಗಿ ಬರಬೇಕು. ಆಗ ಎರಡೂ ಬದಿ ಒಂದೇ ಕಾಣುತ್ತದೆ.

ಮಗಳೇ ಸೂಜಿ ಪೋಣಿಸಿಕೊಡುತ್ತಿದ್ದಳು. ‘ಅಜ್ಜಿ, ಮಷೀನ್‌ನಲ್ಲಿ ಮಾಡ್ಸೋಣ ನಾ. ಯಾರಿಗೂ ಗೊತ್ತಾಗಲ್ಲ.’

‘ಹಂಗಾರ ಗಂಡನ್ನೂ ಮಷೀನಿನ್ಯಾಗ ಮಾಡಿಸ್ಕೊ. ಬಾಯಿ ಇಲ್ದಾಂವ ಸಿಗ್ತಾನ.’

ಒಂದು ಸಂಜೆ ಅವ್ವ ಸೆರಗನ್ನು ನನ್ನ ಮುಂದೆ ಹರಡಿದಳು. ‘ಗೋಪುರ ನೆಟ್ಟಗ ಅದಾವೇನು?’

ಹೋಗುವ ಹೊಲಿಗೆ ಹೇಗೋ ಸಾಲು ಹಿಡಿದಿತ್ತು. ತಿರುಗಿ ಬರುವಾಗ ಸೂಜಿ ದಾರಿ ತಪ್ಪಿ, ಬಿಟ್ಟ ಜಾಗ ಬಿಟ್ಟಂತೆಯೇ ಉಳಿದು, ಕೆಂಪು ದಾರ ಎಲ್ಲೆಲ್ಲೋ ಚೆಲ್ಲಿತ್ತು.

‘ಅದಾವ, ಅವ್ವ.’

‘ಹಿಂದ?’

‘ಹಿಂದನೂ.’

ಅವಳು ಬಟ್ಟೆಯ ಹಿಂಬದಿಯನ್ನು ಅಂಗೈಯಿಂದ ನಿಧಾನವಾಗಿ ಸವರಿದಳು. ‘ನೀ ಯಾವಾಗಿಂದ ಇಷ್ಟ್ ಚಲೋ ಮಾತಾಡಾಕ ಕಲ್ತಿ?’ ಸೆರಗನ್ನು ನನ್ನ ಕೈಗಿಟ್ಟು ಕೇಳಿದಳು: ‘ಎಲ್ಲಿಂದ ಕೆಟ್ಟೈತಿ?’

ದಾರ ಹಿಡಿದು ಹಿಂದಕ್ಕೆ ಹೋದೆ. ಮೊದಲ ಗೋಪುರದಿಂದಲೇ ಕೆಟ್ಟಿತ್ತು. ಮಗಳು ಮಷೀನ್ ಮಷೀನ್ ಎಂದು ಬಡಿದುಕೊಂಡದ್ದು ಏಕೆಂದು ಆಗ ತಿಳಿಯಿತು. ‘ಮೊದಲಿಂದ,’ ಎಂದೆ.

‘ಬಿಚ್ಚು. ಎಳಿ ಹರೀಬ್ಯಾಡ.’

ಕಸೂತಿಯ ದಾರಕ್ಕೆ ಗಂಟು ಹಾಕುವುದಿಲ್ಲ. ತುದಿ ಹುಡುಕಿ ಎಳೆದರೆ ಒಂದಿಡೀ ಗೋಪುರ ಸದ್ದಿಲ್ಲದೆ ಕೈಗೆ ಬರುತ್ತಿತ್ತು. ಅಷ್ಟು ಸಲೀಸಾಗಿ ಬರಬಾರದಿತ್ತು. ಅವ್ವ ಬಿಚ್ಚಿದ ದಾರವನ್ನು ದಂತದ ಕಡ್ಡಿಗೆ ಸುತ್ತುತ್ತ ಕುಳಿತಳು. ಅತ್ತಳೆಂದು ಬರೆಯಬಹುದು, ನಾನು ಅವಳ ಮುಖ ನೋಡಲಿಲ್ಲ.

ಕೊನೆಯ ಎಳೆಯೂ ಬಂದಮೇಲೆ ಸೀರೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಕಪ್ಪಿನ ತುಂಬ ಸೂಜಿಯ ತೂತು, ಸಾಲುಸಾಲಾಗಿ.

‘ಏನರ ಕಾಣತೈತೇನು?’

‘ಏನೂ ಇಲ್ಲವ್ವ,’ ಎಂದೆ.

ಇದನ್ನು ಅವಳು ನಂಬಿದಳು.