ಕಾಲಂ ಇಲ್ಲದ ನೀರು

ನಳದ ನೀರು ಹಿಡಿಯುವುದು, ಕಸ ಹೊಡೆಯುವುದು, ಹನ್ನೆರಡು ರೊಟ್ಟಿ ಬಡಿಯುವುದು, ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಬದಲಿಸುವುದು, ಗಂಡನ ಸ್ನಾನಕ್ಕೆ ಸೀಮೆಎಣ್ಣೆ ಸ್ಟೋವಿನ ಮೇಲೆ ನೀರು ಕಾಯಿಸುವುದು. ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಬೆಳಕು ಹರಿಯುವ ಮೊದಲು ಶಿವದೇವಿ ಇಷ್ಟು ಮುಗಿಸಬೇಕು. ಒಂದು ತಪ್ಪಿದರೂ ಗಂಡ ಗುರುಬಸವನ ಬೆಲ್ಟು ಬೆನ್ನಿನ ಮೇಲೆ.

ಆಮೇಲೆ ಬಸ್ಸು, ಬೇಗಂಪೇಟೆಯ ಸಲಹಾ ಕಂಪನಿ. ಅಲ್ಲಿ ಆಕೆ ಟೈಪಿಸ್ಟ್. ಹೈಟೆಕ್ ಸಿಟಿ ಮೇಲೇಳುತ್ತಿದ್ದ ವರ್ಷಗಳವು. ಎಲ್ಲಿಯ ಕೆಲಸಗಳೋ ಹೈದರಾಬಾದಿಗೆ ಬರುತ್ತಿದ್ದವು. ಈ ಸಲ ಬಂದದ್ದು ಒಂದು ಪುಟ್ಟ ದ್ವೀಪರಾಷ್ಟ್ರದ್ದು: ಭೂಮಿಯನ್ನು ಬಿಸಿ ಮಾಡುವ ಹೊಗೆಯನ್ನು ಹತ್ತು ವರ್ಷದಲ್ಲಿ ಹೇಗೆ ತಗ್ಗಿಸುತ್ತೇವೆ ಎಂಬ ಯೋಜನೆ. ಆಕೆ ಟೈಪ್ ಮಾಡಬೇಕಿದ್ದ, ದ್ವೀಪದ ಮನೆಮನೆಯ ಸಮೀಕ್ಷೆಯ ನಮೂನೆಗಳಲ್ಲಿ ಸೀಮೆಎಣ್ಣೆಗೆ ‘ಅಡುಗೆ’ ಎಂಬ ಒಂದೇ ಕಾಲಂ. ಹೆಂಗಸರು ಅಂಚಿನಲ್ಲಿ ಬರೆದಿದ್ದರು: ಕುಡಿಯುವ ಮಳೆನೀರು ಕುದಿಸಲು, ಬಾಣಂತಿಗೆ, ಕೂಸಿಗೆ ಎರೆಯಲು.

“ಅಂಚಿನದು ಬಿಟ್ಬಿಡಿ, ಅದಕ್ಕೆ ಕಾಲಂ ಇಲ್ಲ,” ಎಂದ ಎಂಜಿನಿಯರ್ ರವಿಕಿರಣ.

“ನಿಮ್ಮನ್ಯಾಗ ನೀರು ತಾನ ಕಾಯ್ತೈತೇನ್ರಿ, ಸರ?”

“ನಾನು ಏಳೋ ಹೊತ್ತಿಗೆ ಕಾದಿರತ್ತೆ ಕಣ್ರೀ.”

ಶಿವದೇವಿ ಕೂಡಿಸಿ ತೋರಿಸಿದಳು: ಮೂರರಲ್ಲೊಂದು ಪಾಲು ಸೀಮೆಎಣ್ಣೆ ನೀರಿಗೇ. ದ್ವೀಪದ ಅಧಿಕಾರಿಣಿ ಬರೆದಳು: ಇದನ್ನು ಕಂಡುಹಿಡಿದವರೇ ಶನಿವಾರ ಫೋನಿನಲ್ಲಿ ವಿವರಿಸಲಿ. ಇಲ್ಲವಾದರೆ ಹಳೆಯ ಲೆಕ್ಕವೇ ಮಂತ್ರಿಗಳಿಗೆ ಹೋಗುತ್ತದೆ, ಮನೆಗಳಿಗೆ ನೀರು ಕಾಯಿಸುವ ಸೋಲಾರ್ ಹೀಟರ್ ಸಿಗುವುದಿಲ್ಲ. ಅಲ್ಲಿ ಮಧ್ಯಾಹ್ನ, ಇಲ್ಲಿ ಬೆಳಗಿನ ಆರೂವರೆ.

“ನೀವೇ ಮಾತಾಡಿ,” ಎಂದ ರವಿಕಿರಣ. “ಸರಿಹೋದ್ರೆ ಟೈಪಿಂಗ್ ಬಿಟ್ಟು ನಮ್ಮ ಟೀಮಿಗೆ ಬನ್ನಿ.”

ಶನಿವಾರ ಆಕೆ ಐದೂವರೆಗೇ ನೀರು ಕುದಿಸಿಟ್ಟು ಆಫೀಸಿನ ಫೋನಿಗೆಂದು ಹೊರಟಳು.

“ನನ್ನ ಮೈಗೆ ನೀರ ಹಾಕಾಕ ಸಮುದ್ರದಾಗಿನ ಮಂದಿ ಬರ್ತಾರೇನಲೇ?” ಗುರುಬಸವ ಜಡೆ ಹಿಡಿದೆಳೆದು ಆಕೆಯ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಬಿದ್ದವಳ ಪಕ್ಕೆಗೆ ಒದ್ದ, ಮತ್ತೊಮ್ಮೆ ಒದ್ದ.

“ಮಾರಿಗೆ ಹೊಡಿಬ್ಯಾಡೋ, ಮಂದಿ ನೋಡ್ತಾರ,” ಎಂದಳು ಅತ್ತೆ, ಮಲಗಿದಲ್ಲಿಂದಲೇ.

ಅವನು ಆಕೆಯ ಬಲಗೈಯನ್ನು ಕಾಲಿನಿಂದ ನೆಲಕ್ಕೊತ್ತಿ ಹಿಡಿದು, ಅದರ ಮೇಲೆ ಕುದಿನೀರಿನ ತಂಬಿಗೆ ಬಗ್ಗಿಸಿದ. “ಹೋಗು, ಈಗ ಟೈಪ್ ಮಾಡು. ಈ ಮನಿ ಬಿಟ್ಟು ಹೋದಿ ಅಂದ್ರ ತಿರುಗಿ ಬರಬ್ಯಾಡ.” ಉಳಿದ ನೀರೆತ್ತಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ.

ಐದೂ ಮುಕ್ಕಾಲು. ಕೈಯ ಚರ್ಮ ಸುಲಿದು ಬರುತ್ತಿತ್ತು. ಆಸ್ಪತ್ರೆ ಎರಡು ಬೀದಿಯಾಚೆ; ಮೊದಲು ಅಲ್ಲಿಗೆ ಹೋದರೆ ಫೋನು ತಪ್ಪುತ್ತದೆ. ಇಲ್ಲೇ ಕೂತರೆ ನಾಳೆಯೂ ಇದೇ. ಮಾತಾಡಲು ಬಾಯಿ ಸಾಕು. ಶಿವದೇವಿ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡಳು. ಮೊದಲು ಫೋನು, ಆಮೇಲೆ ಆಸ್ಪತ್ರೆ, ಅಲ್ಲಿಂದ ಪೊಲೀಸ್ ಠಾಣೆ. ಎಡಗೈಯಿಂದ ಚಿಲಕ ತೆಗೆದು ಹೊರಬಿದ್ದು, ಬೇಗಂಪೇಟೆಗೆ ಆಟೊ ಕೂಗಿದಳು.